ನದಿಗಳ ನೆತ್ತಿಯ ಮೇಲೆ ಸೈಕಲ್

ಕಾರಿನ ಕಿಟಕಿಯಿಂದ ನೋಡಿದವರಿಗೆ ಚಿಕ್ಕಬಳ್ಳಾಪುರದ ಸೀಮೆ ಎಂದರೆ ಸಪಾಟು ನೆಲ, ಅಲ್ಲಲ್ಲಿ ಬಂಡೆಬೆಟ್ಟ. ಸೈಕಲ್ ಹತ್ತಿದವರಿಗೆ ಸಪಾಟು ಎಂಬುದೇ ಇಲ್ಲಿ ಸಿಗುವುದಿಲ್ಲ. ದಾರಿ ಹತ್ತುತ್ತಲೇ ಇರುತ್ತದೆ, ಇಲ್ಲವೇ ಇಳಿಯುತ್ತಲೇ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಏರನ್ನೂ ತೊಡೆಗಳು ಲೆಕ್ಕ ಇಡುತ್ತವೆ. ಉಸಿರು ಕಟ್ಟಿ ಒಂದು ದಿಣ್ಣೆ ಹತ್ತಿದ ಮೇಲೆ ಪೆಡಲ್ ತಟ್ಟನೆ ಹಗುರಾಗುತ್ತದೆ, ಗಾಳಿ ಕಿವಿಯೊಳಗೆ ನುಗ್ಗುತ್ತದೆ, ಗಾಲಿಗಳು ತಾವಾಗಿ ಓಡುತ್ತವೆ. ಆ ಓಟ ಮುಗಿಯುವ ತಗ್ಗಿನಲ್ಲಿ ತಪ್ಪದೆ ಒಂದು ಕೆರೆ. ಏರಿಯ ಮೇಲೆ ಹುಣಸೆಮರ, ತೂಬಿನ ಕಲ್ಲುಗಂಬ, ಕೆಳಗೆ ಅಚ್ಚುಕಟ್ಟು. ಕೆರೆ ದಾಟಿದರೆ ಮತ್ತೆ ದಿಣ್ಣೆ. ಹೀಗೆ ನಾಲ್ಕಾರು ಕೆರೆ ದಾಟುವಷ್ಟರಲ್ಲಿ ನಾನು ತುಳಿಯುತ್ತಿರುವುದು ಬರಿಯ ರಸ್ತೆಯನ್ನಲ್ಲ, ಮಳೆನೀರು ಹರಿಯುವ ದಾರಿಗಳ ಅಡ್ಡಸಾಲನ್ನು ಎಂಬುದು ಮೈಗೇ ಗೊತ್ತಾಗಿಬಿಟ್ಟಿತು.

ಬರಗಾಲದ ಸೀಮೆ, ಸಾವಿರದ ಚಿಲ್ಲರೆ ಅಡಿ ಕೊರೆದರೂ ಬೋರಿನಲ್ಲಿ ದೂಳೇ ಬರುವ ಸೀಮೆ ಎಂದು ಹೆಸರಾದ ಈ ನೆಲ ಎಷ್ಟು ನದಿಗಳ ತವರು ಎಂಬುದನ್ನು ನೆನೆದರೆ ಬೆರಗಾಗುತ್ತದೆ. ನಂದಿಯ ಸುತ್ತಲಿನ ಬೆಟ್ಟಸಾಲಿಗೆ ಬಿದ್ದ ಮಳೆ ದಿಕ್ಕುದಿಕ್ಕಿಗೆ ಹಂಚಿಹೋಗುತ್ತದೆ. ಅರ್ಕಾವತಿ ತೆಂಕಣಕ್ಕೆ ಇಳಿದು ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳನ್ನು ದಾಟಿ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ದಕ್ಷಿಣ ಪಿನಾಕಿನಿ ಹೊಸೂರು, ಕೃಷ್ಣಗಿರಿಗಳ ಮೂಲಕ ಕಡಲೂರಿನ ಕಡಲಿಗೆ. ಉತ್ತರ ಪಿನಾಕಿನಿ ಗೌರಿಬಿದನೂರನ್ನು ಹಾದು, ಪೆನ್ನಾ ಎಂಬ ಹೆಸರಿನಲ್ಲಿ ಆಂಧ್ರವನ್ನು ಸುತ್ತಿ, 597 ಕಿಲೋಮೀಟರ್ ಹರಿದು ನೆಲ್ಲೂರಿನ ಬಳಿ ಬಂಗಾಳ ಕೊಲ್ಲಿಗೆ. ಚಿತ್ರಾವತಿ, ಪಾಪಾಗ್ನಿ ಎರಡೂ ಹೋಗಿ ಅದೇ ಪೆನ್ನಾವನ್ನು ಸೇರುತ್ತವೆ. ಪಾಲಾರ್ ಮೂಡಣಕ್ಕೆ ನಡೆಯುತ್ತದೆ. ಮೂರು ರಾಜ್ಯಗಳ ಹೊಲಗದ್ದೆಗಳಿಗೆ ಹೆಸರು ಕೊಟ್ಟ ನೀರೆಲ್ಲ ಈ ಕಲ್ಲುಗುಡ್ಡಗಳ ನೆತ್ತಿಯಿಂದ ಹೊರಟದ್ದು. ಆ ನೆತ್ತಿಯ ಸುತ್ತ ಕಾಲ ಬಲದಲ್ಲೇ ಒಂದು ಸುತ್ತು ಹಾಕಬೇಕೆಂಬ ಆಸೆ ಹುಟ್ಟಿದ್ದು ಹಾಗೆ. ಜೊತೆಗೆ ಬಂದವನು ಶಿಡ್ಲಘಟ್ಟದ ಕಡೆಯ ಗೆಳೆಯ. ಅವನ ಮನೆಯಲ್ಲಿ ತಲೆಮಾರಿನಿಂದ ರೇಷ್ಮೆ ಹುಳು ಸಾಕಣೆ.

ಮಾರ್ಗಶಿರದ ಚಳಿಯಲ್ಲಿ, ಇನ್ನೂ ಬೆಳಕು ಹರಿಯುವ ಮುಂಚೆ, ಕಾರಹಳ್ಳಿ ಕ್ರಾಸಿನಿಂದ ನಂದಿಯ ಏರು ಹಿಡಿದೆವು. ಬೆಂಗಳೂರಿನ ಸೈಕಲ್ ಸವಾರರಿಗೆ ಇದು ಗುರುಮಠ. ಭಾನುವಾರ ಬೆಳಗಾದರೆ ಹಣೆಯ ಮೇಲೆ, ಹ್ಯಾಂಡಲ್ ಮೇಲೆ ದೀಪ ಕಟ್ಟಿಕೊಂಡವರ ಸಾಲು ಕತ್ತಲಲ್ಲಿ ತೆವಳುತ್ತಿರುತ್ತದೆ. ಏರಿನ ಉದ್ದ ಏಳೆಂಟು ಕಿಲೋಮೀಟರ್. ತಿರುವುಗಳಿಗೆ ಸಂಖ್ಯೆ ಬರೆದ ಫಲಕಗಳಿವೆ, ಸವಾರರ ಬಾಯಲ್ಲಿ ನಲವತ್ತು ತಿರುವು ಎಂಬ ಮಾತು ಮಂತ್ರದ ಹಾಗೆ ಓಡಾಡುತ್ತದೆ. ಮೊದಮೊದಲು ಏರು ಸಾಧು. ಮಾತಾಡಿಕೊಂಡು ತುಳಿಯಬಹುದು. ಅರ್ಧ ದಾಟಿದ ಮೇಲೆ ಮಾತು ನಿಲ್ಲುತ್ತದೆ. ಗೇರ್‌ಗಳೆಲ್ಲ ಮುಗಿದು ಚೈನು ಕೊನೆಯ ಹಲ್ಲಿಗೆ ಬಂದಿರುತ್ತದೆ. ಮುಂದಿನ ತಿರುವಿನ ಫಲಕವೊಂದೇ ಜಗತ್ತಿನಲ್ಲಿ ಉಳಿಯುತ್ತದೆ.

ನಿಧಾನಕ್ಕೆ ಸಿಗುವ ಲಾಭ ಬೇರೆಯೇ. ಗಂಟೆಗೆ ಆರೇಳು ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಕಾಡು ಬದಲಾಗುವುದು ಕಾಣುತ್ತದೆ. ತಪ್ಪಲಲ್ಲಿ ಜಾಲಿ, ಕಗ್ಗಲಿ, ಸೀತಾಫಲದ ಪೊದೆ, ಬಂಡೆಯ ಸಂದಿನಲ್ಲಿ ಬೇರಿಳಿಸಿದ ಬಸರಿ. ಒಣಗಿ ಕಂದಾದ ಹುಲ್ಲು, ನಡುನಡುವೆ ಲಂಟಾನದ ಹೂ. ತಿರುವು ಏರಿದಂತೆ ಗಾಳಿ ತಣ್ಣಗಾಗುತ್ತದೆ, ಮರದ ಕಾಂಡಗಳಿಗೆ ಹಾವಸೆ ಹತ್ತಿಕೊಳ್ಳುತ್ತದೆ, ಕೊಂಬೆಗಳು ರಸ್ತೆಯ ಮೇಲೆ ಕೈಕೈ ಹಿಡಿದುಕೊಳ್ಳುತ್ತವೆ. 1478 ಮೀಟರ್ ಎತ್ತರದ ನೆತ್ತಿ ತಲುಪಿದಾಗ ಸುತ್ತಲೂ ಮಲೆನಾಡಿನದೊಂದು ತುಂಡು. ಮೋಡ ಎಲೆಗಳಿಗೆ ತಾಗಿ ಹನಿಯಾಗಿ ಸುರಿಯುತ್ತಿತ್ತು. ಆಕಾಶದಲ್ಲಿ ಮಳೆ ಇರಲಿಲ್ಲ, ಮರದ ಕೆಳಗೆ ಮಾತ್ರ ಮಳೆ! ಒಣಸೀಮೆಯ ನದಿಗಳು ಹುಟ್ಟುವ ಬಗೆಯನ್ನು ಅಷ್ಟು ಹತ್ತಿರದಿಂದ ನಾನು ಹಿಂದೆಂದೂ ಕಂಡಿರಲಿಲ್ಲ. ಮರ ಮೋಡವನ್ನು ಹಿಂಡಿ ಮಣ್ಣಿಗೆ ಕೊಡುತ್ತದೆ, ಮಣ್ಣು ಬಂಡೆಯ ಬಿರುಕಿಗೆ ಕೊಡುತ್ತದೆ. ಮರ ಹೋದರೆ ಮೋಡ ಹಾಗೇ ದಾಟಿಹೋಗುತ್ತದೆ.

ಈ ನೆತ್ತಿಯ ಕಾಡಿಗೆ ಬರುವ ಹಕ್ಕಿಗಳೂ ಇದನ್ನು ಬಲ್ಲವು. ಪಶ್ಚಿಮಘಟ್ಟದ ಮಳೆಕಾಡಿನ ನಿವಾಸಿಯಾದ ನೀಲಗಿರಿ ಕಾಡುಪಾರಿವಾಳ ಅಷ್ಟು ದೂರ ಬಿಟ್ಟು ಇಲ್ಲಿ ಮನೆ ಮಾಡಿಕೊಂಡಿದೆ. ಬಂಡೆ ಮತ್ತು ಕುರುಚಲು ಇದ್ದಲ್ಲಿ ಮಾತ್ರ ಬಾಳುವ, ಜಗತ್ತಿನಲ್ಲಿ ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲದ ಹಳದಿ ಕೊರಳಿನ ಪಿಕಳಾರವನ್ನು ನೋಡಲು ಪಕ್ಷಿಪ್ರಿಯರು ಎಲ್ಲೆಲ್ಲಿಂದಲೋ ಈ ಬೆಟ್ಟಕ್ಕೆ ಬರುತ್ತಾರೆ. ಟಿಪ್ಪುವಿನ ಕೋಟೆ, 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಅದನ್ನು ಹಿಡಿದ ಕಥೆ, ಕಬ್ಬನ್ ಕಟ್ಟಿಸಿದ ಬಂಗಲೆ, 1986ರ ಸಾರ್ಕ್ ನಾಯಕರು ಬಂದು ಹೋದದ್ದು, ಇವೆಲ್ಲ ಫಲಕಗಳ ಮೇಲೆ ಸಿಗುತ್ತವೆ. ಪಿಕಳಾರದ ಹೆಸರಿನ ಫಲಕ ನನಗೆ ಕಾಣಲಿಲ್ಲ. ಕೋಟೆ ಕಟ್ಟಿದವರಿಗಿಂತ ಬಹಳ ಮೊದಲಿಂದ ಈ ಬೆಟ್ಟವನ್ನು ಆಳಿದವರಿಗೂ ಒಂದು ಫಲಕ ಸಲ್ಲಬೇಕು.

ಇಳಿಯುವಾಗ ಬ್ರೇಕ್ ಹಿಡಿದು ಹಿಡಿದು ಬೆರಳು ಮರಗಟ್ಟಿದವು. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನ ಗುಡಿಯ ಹೊರಗೆ ಸೈಕಲ್ ಒರಗಿಸಿ ಒಳಗೆ ಹೋದೆವು. ಒಂಬತ್ತನೆಯ ಶತಮಾನದ ಆದಿಯ ಗುಡಿ ಇದು. ನೊಳಂಬರ, ಬಾಣರ ಕಾಲದ ಶಾಸನಗಳಲ್ಲಿ ಇದರ ಮಾತಿದೆ. ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರ ಕೆಲಸವನ್ನು ಇನ್ನೊಬ್ಬರು ಕೆಡಿಸದೆ ಮುಂದುವರಿಸಿದ ಜಾಗ. ಅರುಣಾಚಲೇಶ್ವರ, ಭೋಗನಂದೀಶ್ವರ ಎರಡು ಗುಡಿಗಳ ನಡುವೆ ಕರಿಕಲ್ಲಿನ ಕಲ್ಯಾಣಮಂಟಪ. ಅದರ ಕಂಬಗಳ ಮೇಲಿನ ಗಿಳಿ, ಬಳ್ಳಿಗಳನ್ನು ನೋಡುತ್ತಾ ನಿಂತರೆ ಕಾಲಿನ ನೋವು ಮರೆಯುತ್ತದೆ. ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಶೃಂಗಿತೀರ್ಥವೆಂಬ ಕಲ್ಯಾಣಿ. ನಾಲ್ಕೂ ಕಡೆ ಮೆಟ್ಟಿಲು, ಸುತ್ತ ಕಂಬಗಳ ಪಡಸಾಲೆ, ನಡುವೆ ಹಸಿರು ನೀರು. ನಂದಿ ತನ್ನ ಕೊಂಬಿನಿಂದ ನೆಲ ತಿವಿದು ಗಂಗೆಯನ್ನು ತಂದನೆಂದೂ, ದಕ್ಷಿಣ ಪಿನಾಕಿನಿ ಹುಟ್ಟಿದ್ದು ಇಲ್ಲೇ ಎಂದೂ ಊರವರ ನಂಬಿಕೆ. ಬೆಟ್ಟದ ಮೇಲೆ ಮರದ ಕೆಳಗೆ ಹನಿದ ನೀರು ಬುಡದ ಕಲ್ಯಾಣಿಯಲ್ಲಿ ಒಸರುವುದನ್ನು ಕಂಡ ಹಿರಿಯರು ಅದನ್ನು ಕಥೆಯಾಗಿ ಕಟ್ಟಿಟ್ಟರು ಎಂದೇ ನನಗನಿಸಿತು. ಬೆಟ್ಟದ ಮೇಲೆ ಯೋಗನಂದೀಶ್ವರ, ಬುಡದಲ್ಲಿ ಭೋಗನಂದೀಶ್ವರ. ಮೇಲೆ ತಪಸ್ಸು, ಕೆಳಗೆ ಬೆಳೆ.

ಅಲ್ಲಿಂದ ಮುಂದಿನ ದಾರಿಯೇ ಈ ಸುತ್ತಾಟದಲ್ಲಿ ನನಗೆ ಅತಿ ಪ್ರಿಯವಾದದ್ದು. ಸ್ಕಂದಗಿರಿ ಎಂದು ಪೇಟೆಯವರೂ ಕಳವಾರ ಬೆಟ್ಟ ಎಂದು ಊರವರೂ ಕರೆಯುವ ಬೆಟ್ಟದ ತಪ್ಪಲಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗುವ ಸಣ್ಣ ಡಾಂಬರು. ಎಡಕ್ಕೆ ಅರಣ್ಯ ಇಲಾಖೆಯ ಮೀಸಲು ಕಾಡಿನ ಗಡಿಕಲ್ಲುಗಳು, ಬಲಕ್ಕೆ ದ್ರಾಕ್ಷಿ ಚಪ್ಪರ, ಸೇವಂತಿಗೆ, ಗುಲಾಬಿ. ಕಾಡಿನೊಳಕ್ಕೆ ಸೈಕಲ್ ಬಿಡುವಂತಿಲ್ಲ. ಸ್ಕಂದಗಿರಿ ಹತ್ತಲಿಕ್ಕೂ ಮುಂಚೆಯೇ ಇಲಾಖೆಯ ಅನುಮತಿ ಬೇಕು. ಇದು ಸರಿ ಎಂದೇ ನಾನು ಹೇಳುತ್ತೇನೆ. ಈ ಗುಡ್ಡಗಳ ಮೇಲಿನ ಮಣ್ಣು ಗೇಣುದ್ದದ್ದು. ಅದರ ಕೆಳಗೆ ಇನ್ನೂರೈವತ್ತು ಕೋಟಿ ವರ್ಷ ಹಳೆಯ ಬಂಡೆ. ಗಾಲಿಗಳು ಉತ್ತ ಜಾಡಿನಲ್ಲಿ ಒಂದು ಮಳೆಗೆ ಮಣ್ಣು ಇಳಿದುಹೋದರೆ ಬಂಡೆಯ ಮೇಲೆ ಹುಲ್ಲೂ ನಿಲ್ಲುವುದಿಲ್ಲ. ಮಾಘ, ಫಾಲ್ಗುಣದಲ್ಲಿ ಒಣಹುಲ್ಲಿಗೆ ಬೆಂಕಿ ಬಿದ್ದು ಬೆಟ್ಟದ ಒಂದು ಮಗ್ಗುಲೇ ಕರಿಯಾಗುವುದು ಇಲ್ಲಿ ಬಹುಪಾಲು ವರ್ಷಗಳ ದುಃಖ. ಬೀಡಿಯ ತುಂಡೊಂದು ಸಾಕು. ಬೆಂಕಿಯ ಕಾಲದಲ್ಲಿ ಹಸಿಸೊಪ್ಪಿನ ಕೊಂಬೆ ಹಿಡಿದು ಬಡಿದು ನಂದಿಸುವ ಕಾವಲುಗಾರರ ಬೆವರಿನ ಮೇಲೆ ಆರು ನದಿಗಳ ನೆತ್ತಿ ನಿಂತಿದೆ.

ತಪ್ಪಲಲ್ಲಿ ಸೀಬೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬರು ನಮ್ಮ ಸೈಕಲನ್ನು ಸುತ್ತು ಬಂದು ನೋಡಿದರು.

"ಮೋಟ್ರು ಇಲ್ವಾ ಸಾಮೀ ಇದಕ್ಕೆ?"

"ಇಲ್ಲ ಅಜ್ಜಿ, ತುಳ್ಕೊಂಡೇ ಬಂದ್ವಿ."

"ನಮ್ಮೆಜಮಾನ್ರು ಹಿಂಗೇ ಸೈಕಲ್ ಮ್ಯಾಲೆ ಹೂವು ಹೇರ್ಕೊಂಡು ಬಳ್ಳಾಪುರದ ಸಂತೆಗೆ ಹೋಗೋರು," ಎಂದರು. ಕೊಂಡ ಹಣ್ಣುಗಳ ಮೇಲೆ ಎರಡು ಹೆಚ್ಚಿಗೆ ಹಾಕಿ, ಅದಕ್ಕೆ ಕಾಸು ಬೇಡವೆಂದರು.

ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟಿದ ಮನೆಯೂ ಸಮಾಧಿಯೂ ಇವೆ. ಖಡಕ್‌ವಾಸ್ಲಾದ ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿದವರು, ಕನ್ನಂಬಾಡಿ ಕಟ್ಟೆಯ ಹಿಂದೆ ನಿಂತವರು, ಹೈದರಾಬಾದನ್ನು ನೆರೆಯಿಂದ ಕಾಯುವ ಯೋಜನೆ ಹಾಕಿದವರು ಹುಟ್ಟಿದ್ದು ಹರಿಯುವ ಹೊಳೆಯೊಂದೂ ಇಲ್ಲದ ಈ ಹಳ್ಳಿಯಲ್ಲಿ. ನೀರಿನ ಬೆಲೆ ಬಲ್ಲವನಿಗೇ ನೀರಿನ ಲೆಕ್ಕ ಒಲಿಯಿತೆಂದು ನನ್ನ ಗೆಳೆಯ ಹೇಳಿದ. ನನಗೂ ಹಾಗೆಯೇ ಅನಿಸಿತು.

ಚಿಕ್ಕಬಳ್ಳಾಪುರದ ಅಂಚಿನ ಕಂದವಾರ ಕೆರೆ ತುಂಬಿ ನಿಂತಿತ್ತು. ಅದು ಬೆಟ್ಟದ ನೀರಲ್ಲ. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆಯನ್ನು ಶುದ್ಧೀಕರಿಸಿ, ಪಂಪುಗಳ ಬಲದಿಂದ ಇಲ್ಲಿಗೆ ಎತ್ತಿ ತರುವ ಎಚ್.ಎನ್. ವ್ಯಾಲಿ ಯೋಜನೆಯ ನೀರು. ಹಿಂದೆ ಅರ್ಕಾವತಿಯ ನೀರನ್ನು ಇಲ್ಲಿಂದ ಬೆಂಗಳೂರು ಕುಡಿಯಿತು, ಈಗ ಬೆಂಗಳೂರು ಬಳಸಿಬಿಟ್ಟ ನೀರು ಇಳಿಜಾರಿಗೆ ಎದುರಾಗಿ ಬೆಟ್ಟದ ಬುಡಕ್ಕೆ ಬರುತ್ತಿದೆ. ಕೆರೆಗಳು ತುಂಬಿ ಸುತ್ತಲ ಬೋರುಗಳಲ್ಲಿ ನೀರು ಮೇಲಕ್ಕೆ ಬಂದದ್ದಕ್ಕೆ ರೈತರಿಗೆ ಸಂತೋಷವಿದೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕು ಎಂಬ ಬೇಡಿಕೆ ಶಾಶ್ವತ ನೀರಾವರಿಗಾಗಿ ಹೋರಾಡುತ್ತ ಬಂದವರದು. ಅದು ಆಗಲೇಬೇಕಾದ ಕೆಲಸ. ಈ ಕೆರೆಯಲ್ಲಿ ಇಂಗಿದ್ದೇ ನಾಳೆ ಯಾರದೋ ಬಾವಿಯಲ್ಲಿ, ಯಾರದೋ ಬಿಂದಿಗೆಯಲ್ಲಿ ಏಳುತ್ತದೆ.

ಮೂಡಣಕ್ಕೆ ತಿರುಗಿ ಶಿಡ್ಲಘಟ್ಟದ ರಸ್ತೆ ಹಿಡಿದಾಗ ದಾರಿಯುದ್ದಕ್ಕೂ ರೈಲು ಹಳಿ ಹತ್ತಿರ ಬಂದು ದೂರ ಸರಿಯುತ್ತಿತ್ತು. ಬೆಂಗಳೂರಿನಿಂದ ನಂದಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಪೋಣಿಸಿಕೊಂಡು ಕೋಲಾರಕ್ಕೆ ಹೋಗುವ ಈ ದಾರಿ ಮೊದಲು ಪುಟ್ಟ ಹಳಿಗಳದಾಗಿತ್ತು. ಈಗ ದೊಡ್ಡ ರೈಲು ಓಡುತ್ತದೆ. ಎರಡೂ ಬದಿಗೆ ಹಿಪ್ಪುನೇರಳೆ ತೋಟ. ಮನೆಗಳ ಮುಂದೆ, ಬೇಲಿಗೆ, ದೇವಸ್ಥಾನದ ಗೋಡೆಗೆ ಬಿಸಿಲು ಕಾಣುವಂತೆ ಒರಗಿಸಿಟ್ಟ ಬಿದಿರಿನ ಚಂದ್ರಿಕೆಗಳು. ಸುರುಳಿ ಸುರುಳಿಯಾಗಿ ಹೆಣೆದ ಆ ದುಂಡುತಟ್ಟೆಗಳಲ್ಲಿ ಹಣ್ಣಾದ ಹುಳುಗಳನ್ನು ಬಿಟ್ಟರೆ ಎರಡು ಮೂರು ದಿನದಲ್ಲಿ ಗೂಡು ಕಟ್ಟಿ ಮುಗಿಸುತ್ತವೆ.

ಗೆಳೆಯನ ಮನೆಯಲ್ಲಿ ಇಳಿದುಕೊಂಡೆವು. ಹುಳುಮನೆಯ ಬಾಗಿಲಲ್ಲಿ ಕೈಕಾಲು ತೊಳೆಸಿ ಒಳಗೆ ಬಿಟ್ಟರು. ಮೊಟ್ಟೆಯಿಂದ ಬರುವಾಗ ಇರುವೆಗಿಂತ ಸಣ್ಣದಿರುವ ಹುಳು ನಾಲ್ಕು ಜ್ವರ ದಾಟಬೇಕು. ಜ್ವರಕ್ಕೆ ಕೂತಾಗ ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿ ಅಲ್ಲಾಡದೆ ಇರುತ್ತವೆ, ಪೊರೆ ಬಿಟ್ಟು ಎದ್ದ ಮೇಲೆ ಹಸಿವೋ ಹಸಿವು. ನಾಲ್ಕನೆಯ ಜ್ವರ ಎದ್ದ ಹುಳುಗಳಿಗೆ ರಾತ್ರಿ ಸರಿಹೊತ್ತಿನಲ್ಲೂ ಎದ್ದು ಸೊಪ್ಪು ಹಾಕಬೇಕು. ಅವು ತಿನ್ನುವ ಸದ್ದು ಅಂಗಳದವರೆಗೂ ಕೇಳುತ್ತದೆ. ಗೆಳೆಯನ ತಾಯಿ ಆ ಸದ್ದಿನ ಏರಿಳಿತದಿಂದಲೇ ಹುಳುಗಳ ಆರೋಗ್ಯ ಹೇಳಬಲ್ಲರು. ರಾಗಿಮುದ್ದೆ, ಸೊಗಡವರೆಯ ಹಿತಕಿದಬೇಳೆ ಸಾರು ಬಡಿಸುತ್ತಲೇ, "ಸದ್ದು ಸಣ್ಣಗಾಯ್ತು ನೋಡೋ, ಸೊಪ್ಪು ತೀರೈತೆ," ಎಂದು ಮಗನನ್ನು ಎಬ್ಬಿಸಿ ಕಳಿಸಿದರು. ದಿನವಿಡೀ ಸೈಕಲ್ ತುಳಿದಿದ್ದೇವೆಂಬ ರಿಯಾಯಿತಿ ಆ ಮನೆಯಲ್ಲಿ ನಡೆಯಲಿಲ್ಲ.

ಬೆಳಿಗ್ಗೆ ಶಿಡ್ಲಘಟ್ಟ ಪಟ್ಟಣದೊಳಕ್ಕೆ ಸೈಕಲ್ ಬಿಟ್ಟಾಗ ಊರಿಗೂ ಮೊದಲು ಅದರ ವಾಸನೆ ಬಂತು. ಗೂಡು ಬೇಯುವ ಬಾನಿಗಳ ಹಬೆ, ಸೌದೆಯ ಹೊಗೆ, ಬೆಂದ ಹುಳುವಿನ ಕಟುವಾಸನೆ. ಗೂಡಿನ ಮಾರುಕಟ್ಟೆಯಲ್ಲಿ ಜಾಲರಿಗಳ ತುಂಬ ಬಿಳಿ, ಹಳದಿ ಗೂಡಿನ ರಾಶಿ. ರೀಲರುಗಳು ಒಂದು ಹಿಡಿ ಎತ್ತಿ, ಕಿವಿಯ ಬಳಿ ಅಲ್ಲಾಡಿಸಿ, ಬೆರಳಲ್ಲಿ ಒತ್ತಿ ಬೆಲೆ ಗೊತ್ತು ಮಾಡಿಕೊಳ್ಳುತ್ತಾರೆ. ಒಂದೇ ಗೂಡಿನಿಂದ ಎಂಟುನೂರು, ಸಾವಿರ ಮೀಟರ್ ಎಳೆ ಬರುತ್ತದೆ. ಕಣ್ಣಿಗೆ ಕಾಣದಷ್ಟು ಸಪೂರವಾದ ಹಲವು ಎಳೆಗಳನ್ನು ಬಿಸಿನೀರಿನಲ್ಲಿ ಕೈಯಾಡಿಸಿ ಹುಡುಕಿ ಒಂದು ನೂಲಾಗಿ ಕೂಡಿಸುವ ಹೆಂಗಸರ ಬೆರಳುಗಳು ನೀರಿನಲ್ಲಿ ನೆನೆದು ಬೆಳ್ಳಗಾಗಿದ್ದವು. ಮದುವೆಯ ಸೀರೆ ಮುಟ್ಟುವಾಗ ಆ ಬೆರಳುಗಳು ನೆನಪಾಗದೆ ಇರಲು ಇನ್ನು ನನಗೆ ಸಾಧ್ಯವಿಲ್ಲ. ಈ ಊರಿನ ಹಸಿರೆಲ್ಲ, ಹೊಳಪೆಲ್ಲ ಬೋರಿನ ನೀರಿನಿಂದ ಬಂದದ್ದು. ಬೆಟ್ಟ ನೂರಾರು ವರ್ಷ ಕೂಡಿಟ್ಟ ನೀರು ಸೊಪ್ಪಾಗಿ, ಹುಳುವಾಗಿ, ನೂಲಾಗಿ ಕಾಂಚೀಪುರಕ್ಕೂ ಬನಾರಸಿಗೂ ಹೊರಟುಹೋಗುತ್ತಿದೆ.

ಚಿಂತಾಮಣಿಯ ಕಡೆ ದಾರಿ ಬಿಸಿಲಿಗೆ ಸುಡುತ್ತಿತ್ತು. ಟೊಮೊಟೊ ಹೇರಿದ ಲಾರಿಗಳ ದೂಳು ಕುಡಿದೆವು. ಅಂಬಾಜಿದುರ್ಗದ ಬಂಡೆಗಳಲ್ಲಿ ಕೊರೆದ ಕೈಲಾಸಗಿರಿಯ ಗುಹೆಗಳಿಗೆ ಹೊಕ್ಕ ಕೂಡಲೇ ತಂಪು ಮೈಯನ್ನು ಅಪ್ಪಿತು. ಇವು ಹಳೆಯ ರಾಜರ ಗುಹೆಗಳಲ್ಲ, ನಮ್ಮ ಕಾಲದ ಕೆಲಸಗಾರರು ಅಖಂಡ ಬೆಟ್ಟವನ್ನು ಕೊರೆದು ಮಾಡಿದ್ದು. ಗೋಡೆಗಳ ಮೇಲೆ ಉಳಿಯ ಗುರುತು ಹಸಿಯಾಗಿಯೇ ಇದೆ. ಅಲ್ಲಿಂದ ಕೈವಾರ ಹತ್ತಿರ. ಬಳೆಯ ಮಲಾರ ಹೊತ್ತು ಊರೂರು ಅಲೆಯುತ್ತಿದ್ದ ಬಳೆಗಾರ ಯೋಗಿಯಾಗಿ, ಕನ್ನಡ ತೆಲುಗು ಎರಡರಲ್ಲೂ ಹಾಡಿದ ನಾರೇಯಣ ತಾತಯ್ಯನವರ ಊರು. ಅವರು ನಡೆದ ದಾರಿಗಳನ್ನೇ ನಾವು ಗಾಲಿಗಳ ಮೇಲೆ ಹಾಯುತ್ತಿದ್ದೇವೆ ಎಂದು ನೆನೆದಾಗ ಬಿಸಿಲು ಅಷ್ಟೊಂದು ಸುಡಲಿಲ್ಲ.

ಗೌರಿಬಿದನೂರಿನ ದಾರಿಯನ್ನು ಕೊನೆಗೆ ಉಳಿಸಿಕೊಂಡಿದ್ದೆವು. ಚಿಕ್ಕಬಳ್ಳಾಪುರದಿಂದ ಹೊರಟು ರಂಗಸ್ಥಳದ ರಂಗನಾಥನಿಗೆ ಕೈಮುಗಿದು ಮುಂದೆ ಹೋದರೆ ಬೆಟ್ಟಗಳ ನಡುವಿನಿಂದ ರಸ್ತೆ ಪಡುವಣಕ್ಕೆ ಜಾರತೊಡಗುತ್ತದೆ. ಮಂಚೇನಹಳ್ಳಿ ದಾಟಿ ಊರು ಸೇರುವಷ್ಟರಲ್ಲಿ ಇನ್ನೂರು ಮೀಟರ್‌ಗೂ ಹೆಚ್ಚು ಇಳಿದಿರುತ್ತೇವೆ. ಕುರುಚಲು ಕಾಡಿನ ನಡುವೆ ನವಿಲುಗಳು ರಸ್ತೆ ದಾಟುತ್ತಿದ್ದವು. ಸೈಕಲಿಗೆ ಸದ್ದಿಲ್ಲವಾದ್ದರಿಂದ ಅವಕ್ಕೆ ಅವಸರವೂ ಇರಲಿಲ್ಲ. ಕುರಿ ಮಂದೆಯೊಂದು ಎದುರಾಗಿ, ನಡುವೆ ಸಿಕ್ಕಿಕೊಂಡು, ಉಣ್ಣೆಯ ಬಿಸಿಯಲ್ಲಿ ಹೊತ್ತು ಹೋದದ್ದೂ ಗೊತ್ತಾಗಲಿಲ್ಲ.

ಬೆಟ್ಟಗಳು ಸುತ್ತುಗಟ್ಟಿದ ಈ ತಗ್ಗುಸೀಮೆಯನ್ನು ಆಕಾಶ ನೋಡುವವರೂ ಆರಿಸಿಕೊಂಡಿದ್ದಾರೆ. ನಗರದ ರೇಡಿಯೊ ಗದ್ದಲವನ್ನು ಬೆಟ್ಟಗಳು ತಡೆಯುತ್ತವೆ. ಭಾರತೀಯ ಖಗೋಳ ಭೌತಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಲ್ಲಿ ಇಲ್ಲಿ ರೇಡಿಯೊ ದೂರದರ್ಶಕ ಕಟ್ಟಿದವು. ಸಾವಿರ ಆಂಟೆನಾಗಳು, ಪೂರ್ವ ಪಶ್ಚಿಮವಾಗಿ ಒಂದೂಕಾಲು ಕಿಲೋಮೀಟರಿಗೂ ಮಿಕ್ಕಿದ ಸಾಲು. ದೂರದಿಂದ ನೋಡಿದರೆ ಹೊಲದ ತುಂಬ ಬಟ್ಟೆ ಒಣಹಾಕುವ ತಂತಿ ಕಟ್ಟಿದ ಹಾಗೆ. ಗಾಜಿಲ್ಲ, ಗುಮ್ಮಟವಿಲ್ಲ. ಸೂರ್ಯನ ಹೊರಮೈಯ ಸಿಡಿತಗಳನ್ನು ಇಲ್ಲಿನ ತಂತಿಗಳು ಹಗಲಿನಲ್ಲೇ ಆಲಿಸುತ್ತವೆ. ಪಕ್ಕದ ಹೊಲದಲ್ಲಿ ರಾಗಿ ಕೊಯ್ಲು ನಡೆಯುತ್ತಿತ್ತು.

ವಿದುರಾಶ್ವತ್ಥಕ್ಕೆ ಬಂದಾಗ ಮಧ್ಯಾಹ್ನ. ಉತ್ತರ ಪಿನಾಕಿನಿಯ ದಡ. ಅಶ್ವತ್ಥಕಟ್ಟೆಯ ಸುತ್ತ ಹರಕೆಯವರು ನಿಲ್ಲಿಸಿದ ನಾಗರಕಲ್ಲುಗಳು ಸಾಲು ಸಾಲು ಸಾವಿರಗಟ್ಟಲೆ. 1938ರ ಏಪ್ರಿಲ್ 25ರಂದು ತ್ರಿವರ್ಣ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಇಲ್ಲಿಯೇ. ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರೆಂದು ಊರು ಇಂದಿಗೂ ಎಣಿಸುತ್ತದೆ. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂಬ ಹೆಸರು ಬಂದದ್ದು ಅದರಿಂದ. ಆ ನೆತ್ತರಿನ ಮೇಲೆಯೇ ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಲು ಒಪ್ಪಂದವಾಯಿತು. ಹುತಾತ್ಮರ ಸ್ತಂಭದ ಮುಂದೆ ನಾವಿಬ್ಬರೂ ಹೆಲ್ಮೆಟ್ ತೆಗೆದು ನಿಂತೆವು.

ಹೊಳೆಯಲ್ಲಿ ನೀರಿರಲಿಲ್ಲ. ಮರಳು, ಜಾಲಿ, ನಡುವೆ ದನಗಳ ಕಾಲುದಾರಿ. ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿ ನೋಡುತ್ತಿದ್ದಾಗ ಬೈಕಿನಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ನಿಂತರು. ಇಷ್ಟೇನಾ ನೀರು ಎಂದು ಗೆಳೆಯ ಕೇಳಿದ್ದಕ್ಕೆ ಅವರು 2021ರ ಕಾರ್ತಿಕದ ಮಳೆಯನ್ನು ನೆನೆದರು. ಕೆರೆಗಳೆಲ್ಲ ಕೋಡಿ ಬಿದ್ದು, ನಂದಿ ಕಡೆಯಿಂದ ಕೆಂಪುನೀರು ಮರಳಿನ ಮೇಲೆ ನೊರೆ ಉಕ್ಕಿಸಿಕೊಂಡು ಬಂತಂತೆ. ಊರಿನವರು ಅರಿಸಿನ, ಕುಂಕುಮ, ಬಳೆ ತಂದು ಬಾಗಿನ ಬಿಟ್ಟರಂತೆ.

"ನನ್ನ ಮೊಮ್ಮಗ ಅಲ್ಲೀಗಂಟ ಹೊಳೆ ಅನ್ನೋದನ್ನ ಕಂಡೋನಲ್ಲ," ಎಂದರು. "ಅವತ್ತು ಇಲ್ಲೇ ನಿಂತ್ಕೊಂಡು, ತಾತಾ, ಈ ಸೇತುವೆ ಯಾಕೆ ಕಟ್ಟಿದ್ರು ಅಂತ ಈಗ ಗೊತ್ತಾಯ್ತು ಅಂದ."